ನಿಂತ ಗಾಡಿಯಲ್ಲಿ ಆಂಪ್ಲಿಫೈಯರ್, ಲೈಟು, ಫ್ಯಾನು: ಯಾವ ಬ್ಯಾಟರಿ ಹಾಕಿಸಲಿ?

ಸಂತೆಗಾಡಿ
ಎಲ್ಲರಿಗೂ ನಮಸ್ಕಾರ. ನಾನು ಅರಸೀಕೆರೆ ಕಡೆಯವನು. ಸಂತೆಗಳಲ್ಲಿ ರೆಡಿಮೇಡ್ ಬಟ್ಟೆ ವ್ಯಾಪಾರ. ಗಾಡಿ 2016ರ ವ್ಯಾಗನ್ ಆರ್, ಪೆಟ್ರೋಲ್. ಡಿಕ್ಕಿ ಬಾಗಿಲು ಎತ್ತಿ ಅದರ ಮುಂದೆಯೇ ಅಂಗಡಿ ಹಾಕುತ್ತೇನೆ.

ಗಾಡಿ ಬ್ಯಾಟರಿಯಿಂದಲೇ ಎಲ್ಲಾ ನಡೆಯಬೇಕು. 40 ವ್ಯಾಟ್ ಆಂಪ್ಲಿಫೈಯರ್, ಅದಕ್ಕೆ ಒಂದು ಹಾರ್ನ್ ಸ್ಪೀಕರ್. ಪೆನ್‌ಡ್ರೈವ್‌ನಲ್ಲಿ ನನ್ನದೇ ಧ್ವನಿ, "ಬನ್ನಿ ಅಕ್ಕ, ಬನ್ನಿ ಅಮ್ಮ" ಅಂತ. 12 ವೋಲ್ಟಿನ ಎಲ್‌ಇಡಿ ಬಲ್ಬು ಮೂರು, ಒಂದೊಂದು 9 ವ್ಯಾಟ್. ಒಂದು ಸಣ್ಣ ಫ್ಯಾನು. ಜೊತೆಗೆ ಮೊಬೈಲ್ ಮತ್ತು ಹಣ ಬಂತು ಅಂತ ಹೇಳುವ ಡಬ್ಬಿ, ಅವೆರಡರ ಚಾರ್ಜು. ಸಂಜೆ 4ರಿಂದ ರಾತ್ರಿ 9ರವರೆಗೆ.

ಈಗಿರುವ ಬ್ಯಾಟರಿ ಮೇಲೆ 38ಬಿ20ಎಲ್, 35 ಎಎಚ್ (ಆಂಪಿಯರ್-ಅವರ್) ಅಂತ ಬರೆದಿದೆ. ಸಂತೆ ಮುಗಿಸಿ ಹೊರಡುವಾಗ ಸೆಲ್ಫ್ ಎಳೆಯುವುದೇ ಇಲ್ಲ. ಪಕ್ಕದ ತೆಂಗಿನಕಾಯಿಯವರನ್ನು ಕರೆದು ತಳ್ಳಿಸಬೇಕು. ಬ್ಯಾಟರಿ ಅಂಗಡಿಯವರು "65 ಎಎಚ್ ಹಾಕಿಸಿ, ಐದು ವರ್ಷ ನೋಡೋದೇ ಬೇಡ" ಅಂದರು. ಹಾಕಿಸಲಾ?

ಹಳೇ_ಬೊಲೆರೋ
ಹಾಕಿಸಿ ಅಣ್ಣ, ಯೋಚನೆ ಯಾಕೆ? ನನ್ನ ಬೊಲೆರೋದಲ್ಲಿ ಕಂಪನಿ ಕೊಟ್ಟಿದ್ದಕ್ಕಿಂತ ದೊಡ್ಡದು ಹಾಕಿಸಿದ್ದೇನೆ. ಮದುವೆ ದಿಬ್ಬಣದಲ್ಲಿ ನಿಲ್ಲಿಸಿ ಹಾಡು ಹಾಕಿದರೂ ಏನೂ ಆಗಿಲ್ಲ.

ವೈರಿಂಗ್_ಮಾವ
ಬೊಲೆರೋದವರೇ, ದಿಬ್ಬಣದಲ್ಲಿ ಎಂಜಿನ್ ಆಗಾಗ ಓಡುತ್ತಿರುತ್ತದೆ. ಇವರದು ಐದು ಗಂಟೆ ಆಫ್. ಎರಡೂ ಒಂದೇ ಅಲ್ಲ.

ಸಂತೆಗಾಡಿಯವರೇ, ಮೊದಲು ಲೆಕ್ಕ ಹಾಕೋಣ. ವ್ಯಾಟ್ ಅನ್ನು 12ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ಬಲ್ಬು ಮೂರೂ ಸೇರಿ 27 ವ್ಯಾಟ್, ಅಂದರೆ 2.2 ಆಂಪಿಯರ್. ಸಣ್ಣ ಫ್ಯಾನು ಅಂದಾಜು ಒಂದೂವರೆ. ಮೊಬೈಲ್, ಡಬ್ಬಿ ಸೇರಿ ಒಂದರ ಹತ್ತಿರ. ಆಂಪ್ಲಿಫೈಯರ್ 40 ವ್ಯಾಟ್ ಅಂತ ಬರೆದಿದ್ದರೂ ಮಾತಿಗೆ ಪೂರ್ತಿ ಎಳೆಯಲ್ಲ, ಧ್ವನಿ ಏರಿದಾಗ ಏರುತ್ತದೆ, ಇಳಿದಾಗ ಇಳಿಯುತ್ತದೆ. ಸರಾಸರಿ 2 ಅಂದುಕೊಳ್ಳಿ. ಎಲ್ಲಾ ಸೇರಿ ಆರೂಮುಕ್ಕಾಲು. ಐದು ಗಂಟೆಗೆ ಸುಮಾರು 33 ಎಎಚ್.

ನಿಮ್ಮ ಬ್ಯಾಟರಿ ಹೊಸದಾಗಿದ್ದಾಗಲೇ 35. ತಳ್ಳುವ ಪಾಡು ಯಾಕೆ ಬಂತು ಅಂತ ಗೊತ್ತಾಯ್ತಲ್ವಾ?

ಸಂತೆಗಾಡಿ
ಗೊತ್ತಾಯ್ತು ಸಾರ್. ಹಾಗಾದ್ರೆ 65 ಹಾಕಿಸಿದರೆ ಅರ್ಧ ಉಳಿಯುತ್ತೆ, ಸ್ಟಾರ್ಟ್ ಆಗುತ್ತೆ. ಅಂಗಡಿಯವರು ಹೇಳಿದ್ದು ಸರಿನೇ ಅಲ್ವಾ?

ವೈರಿಂಗ್_ಮಾವ
ಹೊಸದರಲ್ಲಿ ಆಗುತ್ತದೆ. ಮೊದಲ ಕೆಲವು ತಿಂಗಳು ಖುಷಿಯಾಗಿರುತ್ತೀರಿ. ಆಮೇಲೆ ನಿಧಾನವಾಗಿ ಕೈ ಕೊಡುತ್ತದೆ. ಕಾರಣ ಎಎಚ್ ಅಲ್ಲ, ಒಳಗಿನ ಪ್ಲೇಟು.

ಕಾರಿನ ಬ್ಯಾಟರಿ ಮಾಡಿರುವುದು ಸೆಲ್ಫ್ ಹೊಡೆಯಲಿಕ್ಕೆ. ಆಗ ನೂರೈವತ್ತು ಇನ್ನೂರು ಆಂಪಿಯರ್ ಒಂದೇ ಏಟಿಗೆ ಬೇಕು. ಅದಕ್ಕೇ ಒಳಗೆ ತೆಳು ಪ್ಲೇಟುಗಳನ್ನು ಜಾಸ್ತಿ ಜೋಡಿಸಿರುತ್ತಾರೆ. ಆದರೆ ಅಷ್ಟು ಕರೆಂಟು ಬೇಕಾಗುವುದು ಒಂದೆರಡು ಸೆಕೆಂಡು ಮಾತ್ರ. ಲೆಕ್ಕ ಹಾಕಿದರೆ ಒಂದು ಸ್ಟಾರ್ಟಿಗೆ ಒಂದು ಎಎಚ್‌ನ ಹತ್ತನೇ ಒಂದು ಭಾಗ ಖರ್ಚಾಗುತ್ತದೆ, ಅಷ್ಟೇ. ಗಾಡಿ ಓಡಿದ ಕೂಡಲೇ ಅದು ವಾಪಸ್ ತುಂಬುತ್ತದೆ. ಅಂದರೆ ಈ ಬ್ಯಾಟರಿ ಹುಟ್ಟಿದಾಗಿನಿಂದ ಪೂರ್ತಿ ತುಂಬಿಕೊಂಡೇ ಬದುಕಬೇಕು.

ಅದನ್ನು ಅರ್ಧಕ್ಕೆ, ಅದಕ್ಕೂ ಕೆಳಗೆ ಇಳಿಸಿದರೆ ತೆಳು ಪ್ಲೇಟಿನ ಮೇಲಿನ ಸೀಸದ ಪೇಸ್ಟು ಉದುರುತ್ತದೆ. ಇಳಿದ ಬ್ಯಾಟರಿ ಹಾಗೇ ಬಿದ್ದಿದ್ದರೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಪ್ರತಿ ಸಂತೆಗೂ ಹೀಗೆ ಮಾಡುತ್ತಾ ಹೋದರೆ 65 ಅನ್ನುವುದು 50 ಆಗುತ್ತದೆ, ಆಮೇಲೆ 40. ಬೋರ್ಡಿನ ಮೇಲೆ ಮಾತ್ರ 65 ಅಂತಲೇ ಇರುತ್ತದೆ.

ಮಲೆನಾಡ್_ಮಲ್ಟಿಮೀಟರ್
ಇನ್ನೊಂದು ವಿಷಯ. ಅದು ಆ ಜಾಗದಲ್ಲಿ ಕೂರುವುದೇ ಇಲ್ಲ. 38ಬಿ20ಎಲ್ ಅನ್ನುವುದರಲ್ಲಿ 20 ಅಂದರೆ ಉದ್ದ ಸುಮಾರು 20 ಸೆಂಟಿಮೀಟರ್. ಬಿ ಅನ್ನುವುದು ಪೆಟ್ಟಿಗೆಯ ಅಗಲ-ಎತ್ತರದ ಗುಂಪು, ಅಗಲ ಹದಿಮೂರರ ಹತ್ತಿರ. ಕೊನೆಯ ಎಲ್ ಟರ್ಮಿನಲ್ ಯಾವ ಕಡೆ ಅಂತ ಹೇಳುತ್ತದೆ. ಆರ್ ತಂದರೆ ಕೇಬಲ್ ಮುಟ್ಟುವುದಿಲ್ಲ. 65 ಎಎಚ್ ಬರುವುದು ಸಾಮಾನ್ಯವಾಗಿ ಡಿಐಎನ್ ಅನ್ನುವ ಬೇರೆ ಅಳತೆಯ ಪೆಟ್ಟಿಗೆಯಲ್ಲಿ, ಅಗಲ ಹದಿನೇಳೂವರೆ ಸೆಂ.ಮೀ. ಟ್ರೇ ಕುಯ್ದು, ಕ್ಲ್ಯಾಂಪ್ ಬದಲಿಸಿ, ವೈರ್ ಕಟ್ಟಿ ಕೂರಿಸುತ್ತಾರೆ. ಹಳ್ಳದಲ್ಲಿ ಕುಣಿದು ಪ್ಲಸ್ ಟರ್ಮಿನಲ್ ಬಾನೆಟ್‌ಗೆ ತಗುಲಿದರೆ ಬೆಂಕಿನೇ.

ದೊಡ್ಡ ಬ್ಯಾಟರಿ ಹಾಕಿದರೆ ಡೈನಮೋ ಸುಟ್ಟುಹೋಗುತ್ತದೆ ಅಂತ ಕೆಲವರು ಹೆದರಿಸುತ್ತಾರೆ. ಅದು ಅಷ್ಟು ಸರಿಯಲ್ಲ. ತುಂಬಿದ ಬ್ಯಾಟರಿ ಎಷ್ಟು ದೊಡ್ಡದಿದ್ದರೂ ಡೈನಮೋಗೆ ಭಾರವಿಲ್ಲ. ಪೂರ್ತಿ ಖಾಲಿಯಾದ ದೊಡ್ಡ ಬ್ಯಾಟರಿಯನ್ನು ಎಂಜಿನ್ ಐಡಲ್‌ನಲ್ಲಿಟ್ಟು ಗಂಟೆಗಟ್ಟಲೆ ತುಂಬಿಸಹೊರಟರೆ ಮಾತ್ರ ಅದು ಕಾಯುತ್ತದೆ.

ಹಳೇ_ಬೊಲೆರೋ
ನೀವೆಲ್ಲಾ ಪುಸ್ತಕ ಓದಿ ಹೇಳ್ತಿದ್ದೀರಿ. ನನ್ನದು ಇನ್ನೂ ಗಟ್ಟಿಯಾಗಿದೆ.

ವೈರಿಂಗ್_ಮಾವ
ಗಟ್ಟಿ ಅಂತ ಹೇಗೆ ಗೊತ್ತು ಸ್ವಾಮಿ? ರಾತ್ರಿ ನಿಲ್ಲಿಸಿದ ಗಾಡಿಗೆ ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಮೀಟರ್ ಇಟ್ಟು ನೋಡಿ. 12.6 ಅಥವಾ 12.7 ಇದ್ದರೆ ತುಂಬಿದೆ. 12.4 ಅಂದರೆ ಮುಕ್ಕಾಲು. 12.2 ಅಂದರೆ ಅರ್ಧ. 12.0ಕ್ಕೆ ಬಂದರೆ ಕಾಲು ಭಾಗ ಉಳಿದಿದೆ. ಎಂಜಿನ್ ನಿಲ್ಲಿಸಿದ ತಕ್ಷಣ ನೋಡಬೇಡಿ, ಆಗ ಸುಳ್ಳು ಹೇಳುತ್ತದೆ. ಒಂದೆರಡು ಗಂಟೆಯಾದರೂ ಬಿಟ್ಟು ನೋಡಿ.

ಹಳೇ_ಬೊಲೆರೋ
ನೋಡಿದೆ. 12.3 😐

ವೈರಿಂಗ್_ಮಾವ
ಚಾರ್ಜರ್ ಹಾಕಿ ಒಂದು ರಾತ್ರಿ ತುಂಬಿಸಿ. ಒಂದು ದಿನ ಬಿಟ್ಟು ಮತ್ತೆ ನೋಡಿ. ಆಗಲೂ 12.3 ಅಂದರೆ ಮಾತಾಡೋಣ.

ಟೆಂಟ್_ಟೀ
ಇದೇ ವಿಷಯ ಅಂತ ಇಲ್ಲೇ ಕೇಳುತ್ತೇನೆ. ನಾವು ಕಾರಲ್ಲೇ ಮಲಗಿ ಸುತ್ತುವವರು. 12 ವೋಲ್ಟಿನ ಕಂಪ್ರೆಸರ್ ಫ್ರಿಡ್ಜ್ ಇದೆ. ಎಜಿಎಂ ಬ್ಯಾಟರಿ ಹಾಕಿಸಿದರೆ ಸಮಸ್ಯೆ ಮುಗಿಯುತ್ತಾ? ಸ್ಟಾರ್ಟ್-ಸ್ಟಾಪ್ ಕಾರುಗಳಿಗೆ ಅದನ್ನೇ ಕೊಡುತ್ತಾರಂತೆ.

ಮಲೆನಾಡ್_ಮಲ್ಟಿಮೀಟರ್
ಸಿಗ್ನಲ್‌ನಲ್ಲಿ ಎಂಜಿನ್ ನಿಂತಾಗ ಲೈಟು, ಫ್ಯಾನು, ಹಾಡು ಎಲ್ಲಾ ಬ್ಯಾಟರಿಯಿಂದಲೇ ನಡೆಯಬೇಕು, ಆಮೇಲೆ ಮತ್ತೆ ಸೆಲ್ಫ್. ಹಾಗಾಗಿ ಅಂಥ ಕಾರುಗಳಿಗೆ ಇಎಫ್‌ಬಿ (ಮಾಮೂಲಿ ಬ್ಯಾಟರಿಯನ್ನೇ ಗಟ್ಟಿ ಮಾಡಿದ್ದು) ಅಥವಾ ಎಜಿಎಂ ಕೊಡುತ್ತಾರೆ. ಮಾಮೂಲಿ ಬ್ಯಾಟರಿಗಿಂತ ಇವು ಇಳಿಯುವುದನ್ನು ಚೆನ್ನಾಗಿ ತಡೆಯುತ್ತವೆ, ನಿಜ. ಎಜಿಎಂನಲ್ಲಿ ಆಸಿಡ್ ಗಾಜಿನ ನಾರಿನ ಚಾಪೆಯಲ್ಲಿ ಹೀರಿಕೊಂಡಿರುತ್ತದೆ, ಚೆಲ್ಲುವುದಿಲ್ಲ. ಆದರೆ ಎಂಜಿನ್ ಶಾಖ ಅದಕ್ಕೆ ಆಗಿಬರುವುದಿಲ್ಲ. ಎಜಿಎಂ ಜೊತೆಗೇ ಬರುವ ಬಹಳ ಕಾರುಗಳಲ್ಲಿ ಅದನ್ನು ಡಿಕ್ಕಿಯಲ್ಲೋ ಸೀಟಿನಡಿಯೋ ಇಡುವುದಕ್ಕೆ ಇದೂ ಒಂದು ಕಾರಣ.

ಫ್ರಿಡ್ಜ್ ಓಡುವಾಗ 45-60 ವ್ಯಾಟ್ ಎಳೆಯುತ್ತದೆ. ಸದಾ ಓಡುವುದಿಲ್ಲ. ತಂಪು ರಾತ್ರಿಯಲ್ಲಿ ಗಂಟೆಗೆ ಇಪ್ಪತ್ತು ನಿಮಿಷ, ರಾಯಚೂರಿನ ಮೇ ಮಧ್ಯಾಹ್ನದಲ್ಲಿ ಬಿಡುವೇ ಇಲ್ಲದೆ. ಸರಾಸರಿ ಒಂದೂವರೆ-ಎರಡು ಆಂಪಿಯರ್ ಹಿಡಿದರೂ 24 ಗಂಟೆಗೆ ನಲವತ್ತು ಎಎಚ್ ಆಸುಪಾಸು ಆಗುತ್ತದೆ. ಯಾವ ಸ್ಟಾರ್ಟರ್ ಬ್ಯಾಟರಿಯೂ ಅದಕ್ಕಲ್ಲ. ಎರಡನೇ ಬ್ಯಾಟರಿ ಇಡಿ.

ಇನ್ನೊಂದು ಮಾತು. ಎಸಿ ಬೇಕು ಅಂತ ಎಂಜಿನ್ ಓಡಿಸಿಕೊಂಡು ಕಾರಲ್ಲಿ ಮಲಗಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಎಚ್ಚರ ಆಗುವುದಿಲ್ಲ.

ಬೇಸ್ಮೆಂಟ್_ಬಾಬು
ನನ್ನದು ಚಿಕ್ಕ ಸಮಸ್ಯೆ. ಬೆಂಗಳೂರು ಅಪಾರ್ಟ್‌ಮೆಂಟ್. ಕಾರು ವಾರಪೂರ್ತಿ ನಿಂತೇ ಇರುತ್ತದೆ. ಡ್ಯಾಶ್‌ಕ್ಯಾಮ್ ಪಾರ್ಕಿಂಗ್ ಮೋಡ್‌ನಲ್ಲಿ ಇಟ್ಟರೆ ಶನಿವಾರ ಬ್ಯಾಟರಿ ಡೌನ್. 44 ಎಎಚ್ ಇದೆ. ದೊಡ್ಡದು ಹಾಕಲಾ?

ವೈರಿಂಗ್_ಮಾವ
ಬೇಡ. ಡ್ಯಾಶ್‌ಕ್ಯಾಮ್ 0.3 ಆಂಪಿಯರ್ ಎಳೆದರೆ ದಿನಕ್ಕೆ ಏಳು ಎಎಚ್. ಕಾರಿನ ಅಲಾರಂ, ಕಂಪ್ಯೂಟರ್ ಇವುಗಳದ್ದು ಬೇರೆ, ದಿನಕ್ಕೆ ಒಂದು. ಮೂರು ದಿನಕ್ಕೆ ಅರ್ಧ ಖಾಲಿ. ಬ್ಯಾಟರಿ ದೊಡ್ಡದು ಮಾಡಿದರೆ ಬುಧವಾರದ ಬದಲು ಗುರುವಾರ ಖಾಲಿಯಾಗುತ್ತದೆ. ವೋಲ್ಟೇಜ್ ನೋಡಿ ತಾನೇ ಕಟ್ ಆಗುವ ಹಾರ್ಡ್‌ವೈರ್ ಕಿಟ್ ಸಿಗುತ್ತದೆ. 12.2ಕ್ಕೆ ಸೆಟ್ ಮಾಡಿ. 11.8ಕ್ಕೆ ಇಟ್ಟರೆ ಇಟ್ಟೂ ಪ್ರಯೋಜನವಿಲ್ಲ. ಬೇಸ್ಮೆಂಟ್‌ನಲ್ಲಿ ಸಿಸಿಟಿವಿ ಇದ್ದರೆ ಪಾರ್ಕಿಂಗ್ ಮೋಡೇ ಆಫ್ ಮಾಡಿಬಿಡಿ.

ಸಂತೆಗಾಡಿ
ನನ್ನ ವಿಷಯಕ್ಕೆ ಬನ್ನಿ ಸಾರ್ 😄 ಎರಡನೇ ಬ್ಯಾಟರಿ ಅಂದರೆ ಹೇಗೆ? ಮನೆಯಲ್ಲಿ ಯುಪಿಎಸ್‌ಗೆ ಇಟ್ಟಿರುವ 150 ಎಎಚ್ ಟ್ಯೂಬ್ಯುಲರ್ ಇದೆ. ಅದನ್ನೇ ಡಿಕ್ಕಿಯಲ್ಲಿ ಇಟ್ಟರೆ?

ವೈರಿಂಗ್_ಮಾವ
ಇಡಬೇಡಿ! ಶಕ್ತಿ ಇದೆ, ಇಳಿಸಿದರೂ ತಡೆಯುತ್ತದೆ, ಅದಕ್ಕೇ ಮಾಡಿದ್ದು. ಆದರೆ ಐವತ್ತು ಕೆಜಿ ದಾಟುತ್ತದೆ. ಒಳಗೆ ಆಸಿಡ್ ಅಲುಗಾಡುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಮುಚ್ಚಿದ ಕಾರಿನೊಳಗೆ ಅದು ಬೇಡ. ನಿಮ್ಮ ಬಟ್ಟೆಯ ಮೇಲೆ ಒಂದು ತೊಟ್ಟು ಆಸಿಡ್ ಬಿದ್ದರೆ ತೂತು. ಬೆಲೆ ಕೇಳೋರೂ ಇರಲ್ಲ.

ಕಾರೊಳಗೆ ಇಡುವುದಾದರೆ ಸೀಲ್ ಆದದ್ದೇ ಆಗಬೇಕು. ಒಂದೋ ಆಫೀಸ್ ಯುಪಿಎಸ್‌ಗಳಲ್ಲಿ ಬರುವ ಎಸ್‌ಎಂಎಫ್, ಅಥವಾ ಲಿಥಿಯಂ (ಐರನ್) ಫಾಸ್ಫೇಟ್. ಅದನ್ನು ವಿಎಸ್‌ಆರ್ ಅನ್ನುವ ರಿಲೇ ಮೂಲಕ ಮುಂದಿನ ಬ್ಯಾಟರಿಗೆ ಜೋಡಿಸುತ್ತಾರೆ. ಎಂಜಿನ್ ಓಡಿ ವೋಲ್ಟೇಜ್ 13.3 ದಾಟಿದಾಗ ರಿಲೇ ಎರಡನ್ನೂ ಸೇರಿಸುತ್ತದೆ. ಎಂಜಿನ್ ನಿಂತು 12.8ಕ್ಕೆ ಇಳಿದಾಗ ಬೇರೆ ಮಾಡುತ್ತದೆ. ನೀವು ಹಿಂದಿನದನ್ನು ಎಷ್ಟೇ ಖಾಲಿ ಮಾಡಿ, ಮುಂದಿನದಕ್ಕೆ ಕೈ ಹಾಕುವುದಿಲ್ಲ. ಗಾಡಿ ಸ್ಟಾರ್ಟ್ ಆಗಿಯೇ ಆಗುತ್ತದೆ.

ಹೈವೇ_ಹಕ್ಕಿ
ಒಂದು ಎಚ್ಚರಿಕೆ. ವಿಎಸ್‌ಆರ್ ಹಳೇ ಗಾಡಿಗಳಿಗೆ ಸರಿ. ಈಚಿನ ಬಿಎಸ್6 ಗಾಡಿಗಳಲ್ಲಿ ಕೆಲವು ಪೆಟ್ರೋಲ್ ಉಳಿಸಲು ಡೈನಮೋದ ವೋಲ್ಟೇಜ್ ಇಳಿಸಿಬಿಡುತ್ತವೆ. ಆಗ ರಿಲೇ ಸುಮ್ನೆ ಆನ್-ಆಫ್ ಆಗುತ್ತಾ ಕೂರುತ್ತದೆ. ಅಂಥದಕ್ಕೆ ಡಿಸಿ-ಡಿಸಿ ಚಾರ್ಜರ್, ಅಂದರೆ ಡೈನಮೋದ ವೋಲ್ಟೇಜ್ ಏರಿಳಿದರೂ ಹಿಂದಿನ ಬ್ಯಾಟರಿಗೆ ಬೇಕಾದ ವೋಲ್ಟೇಜೇ ಕೊಡುವ ಡಬ್ಬಿ ಬೇಕು. ಲಿಥಿಯಂಗೂ ಅದೇ ಬೇಕು. ಇಲ್ಲದಿದ್ದರೆ ಖಾಲಿ ಲಿಥಿಯಂ ಡೈನಮೋದಿಂದ ಸಿಕ್ಕಷ್ಟು ಕರೆಂಟ್ ಎಳೆದುಕೊಳ್ಳುತ್ತದೆ. ಬ್ಯಾಟರಿಯ ಮೈನಸ್ ಟರ್ಮಿನಲ್ ಮೇಲೆ ಸಣ್ಣ ಸೆನ್ಸರ್ ಕೂತಿದ್ದರೆ ಹೊಸ ಮೈನಸ್ ವೈರನ್ನು ಅದರ ಮೇಲೆ ಕಚ್ಚಿಸಬೇಡಿ, ಗಾಡಿಯ ಲೋಹದ ಮೈಗೆ ಕೊಡಿ.

ಮಲೆನಾಡ್_ಮಲ್ಟಿಮೀಟರ್
ಎಲ್ಲರೂ ಇಳಿಯುವ ಲೆಕ್ಕ ಮಾಡುತ್ತಿದ್ದೀರಿ. ತುಂಬುವ ಲೆಕ್ಕ ಯಾರೂ ಮಾಡಲಿಲ್ಲ.

ಸಂತೆಗಾಡಿಯವರೇ, ಸಂತೆ ಮುಗಿಸಿ ಮನೆಗೆ ಎಷ್ಟು ದೂರ?

ಸಂತೆಗಾಡಿ
ತಿಪಟೂರಿನಿಂದ ಬಂದರೆ 25 ಕಿ.ಮೀ. ಆಸುಪಾಸು. ಮಿಕ್ಕವು ಅದಕ್ಕಿಂತ ಹತ್ತಿರ.

ಮಲೆನಾಡ್_ಮಲ್ಟಿಮೀಟರ್
ಅಂದರೆ ಮುಕ್ಕಾಲು ಗಂಟೆಯೊಳಗೆ ಮನೆ. ರಾತ್ರಿ, ಹೆಡ್‌ಲೈಟ್ ಹಾಕಿರುತ್ತೀರಿ. ಹಿಂದಿನ ಬ್ಯಾಟರಿಗೆ ಸರಾಸರಿ 15-20 ಆಂಪಿಯರ್ ಹೋಯಿತು ಅಂದುಕೊಂಡರೂ ಹತ್ತು ಹದಿಮೂರು ಎಎಚ್. ನೀವು ಖರ್ಚು ಮಾಡಿದ್ದು 33. ಸೀಸದ ಬ್ಯಾಟರಿಗೆ 33 ವಾಪಸ್ ತುಂಬಲು ನಲವತ್ತರ ಹತ್ತಿರ ಕೊಡಬೇಕು, ಅದೂ ಎಂಬತ್ತು ಪರ್ಸೆಂಟ್ ದಾಟಿದ ಮೇಲೆ ನಿಧಾನವಾಗಿ ಕುಡಿಯುತ್ತದೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಮುಂದಿನ ಸಂತೆಗೆ ಅರ್ಧ ಹೊಟ್ಟೆಯಲ್ಲೇ ಹೊರಡುತ್ತದೆ.

ಹೇಗಿದ್ದರೂ ಮನೆಯಲ್ಲಿ ಪ್ಲಗ್‌ಗೆ ಹಾಕಿಯೇ ತುಂಬಿಸಬೇಕು. ಹಾಗಿದ್ದ ಮೇಲೆ ಅದನ್ನು ಕಾರಿಗೆ ಜೋಡಿಸುವ ಗೋಜು ಯಾಕೆ? ರಿಲೇ ಬೇಡ, ಬಾನೆಟ್‌ನಿಂದ ಡಿಕ್ಕಿವರೆಗೆ ದಪ್ಪ ಕೇಬಲ್ ಬೇಡ, ಕಾರಿನ ವೈರಿಂಗ್ ಮುಟ್ಟುವುದೇ ಬೇಡ. ಒಂದು ಪೆಟ್ಟಿಗೆ, ಅದರಲ್ಲಿ ಬ್ಯಾಟರಿ, ಫ್ಯೂಸ್, ನಾಲ್ಕು ಔಟ್‌ಪುಟ್. ರಾತ್ರಿ ಮನೆಗೆ ಎತ್ತಿಕೊಂಡು ಹೋಗಿ ಚಾರ್ಜ್‌ಗೆ ಹಾಕಿ. ಕಾರಿನ ಬ್ಯಾಟರಿ ಕಾರಿಗೇ ಇರಲಿ, 35 ಎಎಚ್ ಧಾರಾಳ.

ವೈರಿಂಗ್_ಮಾವ
ಒಪ್ಪಿದೆ. ವಿಎಸ್‌ಆರ್ ದಿನಾ ನೂರಿನ್ನೂರು ಕಿಲೋಮೀಟರ್ ಓಡಿಸುವ ಟೆಂಟ್_ಟೀ ಅಂಥವರಿಗೆ. ಇವರಿಗೆ ಪೆಟ್ಟಿಗೆಯೇ ಸರಿ.

ಸಂತೆಗಾಡಿ
ಇದು ಯಾರೂ ಹೇಳಿರಲಿಲ್ಲ! ಹೊಲಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್ ಇದೆಯಲ್ಲ, ಅದರ ಬ್ಯಾಟರಿ ಆಗುತ್ತಾ? 12 ವೋಲ್ಟೇ ಇದೆ.

ಮಲೆನಾಡ್_ಮಲ್ಟಿಮೀಟರ್
ಅದು 8 ಅಥವಾ 12 ಎಎಚ್ ಇರುತ್ತದೆ. ಬಲ್ಬು ಮೂರಕ್ಕೆ ಎರಡು-ಮೂರು ಗಂಟೆ ಬರಬಹುದು. ಕೈಯಲ್ಲಿದ್ದರೆ ಒಂದು ಬಲ್ಬಿಗೆ ಅಂತ ಇಟ್ಟುಕೊಳ್ಳಿ, ಮುಖ್ಯ ಬ್ಯಾಟರಿ ಆಗುವುದಿಲ್ಲ.

ನಿಮಗೆ ಎರಡೇ ದಾರಿ. ಎಸ್‌ಎಂಎಫ್ ಆದರೆ 65 ಎಎಚ್ ತೆಗೆದುಕೊಳ್ಳಿ, ಅರ್ಧ ಮಾತ್ರ ಬಳಸಿ. ತೂಕ ಇಪ್ಪತ್ತು ಕೆಜಿ ಮೇಲೆ. ಲಿಥಿಯಂ ಫಾಸ್ಫೇಟ್ ಆದರೆ 50 ಎಎಚ್ ಸಾಕು, ಎಂಬತ್ತು ಪರ್ಸೆಂಟ್ ಬಳಸಬಹುದು, ಅಂದರೆ 40. ತೂಕ ಆರೇಳು ಕೆಜಿ. ಬೆಲೆ ಜಾಸ್ತಿ. ಆದರೆ ಎರಡು ಸಾವಿರ ಸಲ ಇಳಿಸಿ ತುಂಬಿಸಿದರೂ ಬಾಳುವ ಹಾಗೆ ಮಾಡಿರುತ್ತಾರೆ. ಎಸ್‌ಎಂಎಫ್ ಅರ್ಧಕ್ಕೆ ಇಳಿಸುತ್ತಾ ಹೋದರೆ ಕೆಲವು ನೂರು ಸಲ.

ಎಸ್‌ಎಂಎಫ್ ತೆಗೆದುಕೊಂಡರೆ ಅದೇ ರಾತ್ರಿ ಚಾರ್ಜ್‌ಗೆ ಹಾಕಲೇಬೇಕು. ಸುಸ್ತಾಗಿದೆ, ನಾಳೆ ನೋಡೋಣ ಅನ್ನುವ ಹಾಗಿಲ್ಲ. ಲಿಥಿಯಂ ಅರ್ಧ ಖಾಲಿಯಾಗಿ ಒಂದು ವಾರ ಮೂಲೆಯಲ್ಲಿ ಬಿದ್ದಿದ್ದರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನನ್ನ ಓಟು ಲಿಥಿಯಂಗೆ.

ಕ್ಯಾಲ್ಗರಿ_ಕನ್ನಡಿಗ
ನಮ್ಮ ಕಡೆ ಚಳಿಗಾಲ ಇರುವವರಿಗೆ ಒಂದು ಮಾತು ಸೇರಿಸುತ್ತೇನೆ. ಸೊನ್ನೆ ಡಿಗ್ರಿ ಕೆಳಗೆ ಲಿಥಿಯಂ ಫಾಸ್ಫೇಟ್ ಚಾರ್ಜ್ ಮಾಡಬಾರದು, ಸೆಲ್ ಹಾಳಾಗುತ್ತದೆ. ಒಳ್ಳೆಯ ಬಿಎಂಎಸ್ (ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್) ತಾನೇ ತಡೆಯುತ್ತದೆ, ಕೆಲವಕ್ಕೆ ಒಳಗೇ ಹೀಟರ್ ಇರುತ್ತದೆ. ಬ್ಯಾಟರಿ ಮೇಲೆ ಬರೆಯುವ ಸಿಸಿಎ (ಚಳಿಯಲ್ಲಿ ಸೆಲ್ಫ್ ಹೊಡೆಯುವ ಶಕ್ತಿ) ಅನ್ನುವ ಅಂಕಿ ಅಳೆಯುವುದು ಮೈನಸ್ 18 ಡಿಗ್ರಿಯಲ್ಲಿ. ನಮಗೆ ಅದೇ ಜೀವ. ಅರಸೀಕೆರೆಯಲ್ಲಿ ಅದನ್ನು ತೋರಿಸಿ ಯಾರಾದರೂ ಹೆಚ್ಚು ದುಡ್ಡು ಕೇಳಿದರೆ ಕೊಡಬೇಡಿ 😄 ನಿಂತ ಗಾಡಿಯಲ್ಲಿ ಬಳಸುವವರು ನೋಡಬೇಕಾದದ್ದು ರಿಸರ್ವ್ ಕೆಪ್ಯಾಸಿಟಿ. 25 ಆಂಪಿಯರ್ ಎಳೆದರೆ 10.5 ವೋಲ್ಟಿಗೆ ಇಳಿಯುವವರೆಗೆ ಎಷ್ಟು ನಿಮಿಷ ಬರುತ್ತದೆ ಅನ್ನುವ ಲೆಕ್ಕ ಅದು.

ವೈರಿಂಗ್_ಮಾವ
ಎಎಚ್ ಅಂಕಿಯಲ್ಲೂ ಒಂದು ಗುಟ್ಟಿದೆ. ಕಾರಿನ ಬ್ಯಾಟರಿಗೆ ಬರೆಯುವ ಎಎಚ್ ಇಪ್ಪತ್ತು ಗಂಟೆಯ ಲೆಕ್ಕ. 35 ಅಂದರೆ ಒಂದೂಮುಕ್ಕಾಲು ಆಂಪಿಯರ್‌ನಂತೆ 20 ಗಂಟೆ. ಅದನ್ನೇ ಏಳು ಆಂಪಿಯರ್‌ನಲ್ಲಿ ಎಳೆದರೆ ಐದು ಗಂಟೆ ಬರುವುದಿಲ್ಲ, ಅದಕ್ಕೂ ಮೊದಲೇ ಮುಗಿಯುತ್ತದೆ. ಸೀಸದ ಬ್ಯಾಟರಿಗಳಿಗೆಲ್ಲಾ ಇದೇ ಹಣೆಬರಹ. ಲಿಥಿಯಂನಲ್ಲಿ ಈ ವ್ಯತ್ಯಾಸ ತೀರಾ ಕಡಿಮೆ.

ಬೇಸ್ಮೆಂಟ್_ಬಾಬು
ಇಷ್ಟೆಲ್ಲಾ ತಲೆಬಿಸಿ ಯಾಕೆ, ರೆಡಿ ಪೋರ್ಟಬಲ್ ಪವರ್ ಸ್ಟೇಷನ್ ಸಿಗುತ್ತಲ್ಲ?

ಹೈವೇ_ಹಕ್ಕಿ
ಸಿಗುತ್ತದೆ. ಇವರಿಗೆ ಬೇಕಾದ್ದು 33 ಗುಣಿಸು 12, ಅಂದರೆ 400 ವ್ಯಾಟ್-ಅವರ್. 500ರದ್ದು ಬೇಕು. ಇನ್ವರ್ಟರ್, ಡಿಸ್‌ಪ್ಲೇ, ಬ್ರ್ಯಾಂಡ್ ಎಲ್ಲದಕ್ಕೂ ದುಡ್ಡು ಕೊಡಬೇಕು. ಇವರದ್ದೆಲ್ಲಾ 12 ವೋಲ್ಟಲ್ಲೇ ನಡೆಯುವಾಗ ಇನ್ವರ್ಟರ್ ದಂಡ. 230ಕ್ಕೆ ಏರಿಸಿ ಮತ್ತೆ ಇಳಿಸಿದರೆ ಹತ್ತು ಹದಿನೈದು ಪರ್ಸೆಂಟ್ ಸುಮ್ನೆ ಶಾಖವಾಗಿ ಹೋಗುತ್ತದೆ. ಲ್ಯಾಪ್‌ಟಾಪ್, ಕ್ಯಾಮೆರಾ ಇಟ್ಟುಕೊಂಡು ಓಡಾಡುವವರಿಗೆ ಮಾತ್ರ ಅದು ಒಳ್ಳೆಯದೇ. ಎಲೆಕ್ಟ್ರಿಕ್ ಕಾರಿನವರಿಗೆ ಈ ಚರ್ಚೆಯೇ ಬೇಡ. 2023ರ ನಂತರದ ನೆಕ್ಸಾನ್ ಇವಿ, ಅಯಾನಿಕ್ 5 ಇಂಥವಲ್ಲಿ ಕಾರಿನ ದೊಡ್ಡ ಬ್ಯಾಟರಿಯಿಂದಲೇ ಪ್ಲಗ್ ಪಾಯಿಂಟ್ ತೆಗೆದುಕೊಳ್ಳಬಹುದು.

ಸಂತೆಗಾಡಿ
ಲಿಥಿಯಂ 50 ಎಎಚ್ ಕೇಳಿ ಬಂದೆ. ಬೆಲೆ ಕೇಳಿ ಒಂದು ಲೋಟ ನೀರು ಕುಡಿದೆ. ಆದರೂ ತಗೊಳ್ತೀನಿ. ತಳ್ಳಿಸಿಕೊಳ್ಳುವುದು ಸಾಕಾಗಿದೆ. ಒಂದು ಡೌಟು. ಈಗ ಎಲ್ಲವನ್ನೂ ಸಿಗರೇಟ್ ಲೈಟರ್ ಸಾಕೆಟ್‌ನಿಂದ ಎಳೆದಿದ್ದೇನೆ, ತೆಳು ವೈರು. ಹಾರ್ನ್ ಜೋರಾಗಿ ಕೂಗಿದಾಗ ಬಲ್ಬು ಮಿಣಕ್ ಅನ್ನುತ್ತದೆ. ಬ್ಯಾಟರಿ ಬದಲಿಸಿದರೆ ಅದೂ ಹೋಗುತ್ತಾ?

ವೈರಿಂಗ್_ಮಾವ
ಅದು ಬಹುತೇಕ ವೈರಿನ ತಪ್ಪು. 1.5 ಚದರ ಮಿ.ಮೀ. ವೈರು ಐದು ಮೀಟರ್ ಎಳೆದರೆ ಹೋಗಿ ಬರುವುದು ಹತ್ತು ಮೀಟರ್. ಏಳು ಆಂಪಿಯರ್‌ಗೆ 0.8 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 4 ಚದರ ಮಿ.ಮೀ. ಹಾಕಿದರೆ 0.3. ಆಂಪ್ಲಿಫೈಯರ್‌ಗೆ ಬ್ಯಾಟರಿಯಿಂದ ಬೇರೆ ವೈರು, ಬಲ್ಬಿಗೆ ಬೇರೆ ವೈರು ತನ್ನಿ. ಮಿಣುಕು ನಿಲ್ಲುತ್ತದೆ. ಲೈಟರ್ ಸಾಕೆಟ್‌ನ ಹಿಂದೆ ಇರುವುದು 10 ಅಥವಾ 15 ಆಂಪಿಯರ್ ಫ್ಯೂಸ್. ಪಿನ್ನು ಸಡಿಲವಿದ್ದರೆ ಪ್ಲಾಸ್ಟಿಕ್ ಕರಗುವಷ್ಟು ಕಾಯುತ್ತದೆ. ಮುಟ್ಟಿ ನೋಡಿದ್ದೀರಾ?

ಪೆಟ್ಟಿಗೆಯಲ್ಲಿ ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ 15 ಆಂಪಿಯರ್ ಬ್ಲೇಡ್ ಫ್ಯೂಸ್ ಹಾಕಿ. ಫ್ಯೂಸ್ ಇರುವುದು ವೈರನ್ನು ಕಾಯಲಿಕ್ಕೆ, ಅದು ಆ ತುದಿಯಲ್ಲಿದ್ದರೆ ಮಧ್ಯದ ವೈರಿಗೆ ಕಾವಲೇ ಇಲ್ಲ.

ಮಲೆನಾಡ್_ಮಲ್ಟಿಮೀಟರ್
ಚಾರ್ಜರ್ ಕೊಳ್ಳುವಾಗ 14.6 ವೋಲ್ಟ್, ಲಿಥಿಯಂ ಫಾಸ್ಫೇಟ್‌ಗೆ ಅಂತ ಬರೆದಿರುವುದನ್ನೇ ಕೊಳ್ಳಿ. 10 ಆಂಪಿಯರ್‌ನದು ಸಾಕು, ನಾಲ್ಕು ಗಂಟೆಯಲ್ಲಿ ತುಂಬುತ್ತದೆ. ಮನೆಯ ಯುಪಿಎಸ್‌ಗೆ ಸಿಕ್ಕಿಸಬೇಡಿ. ಹಾಗೆಯೇ ಲಿಥಿಯಂನಲ್ಲಿ ವೋಲ್ಟ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಲಾಗದು. ಮುಗಿಯುವವರೆಗೂ 13ರ ಆಸುಪಾಸಲ್ಲೇ ನಿಂತಿದ್ದು ಆಮೇಲೆ ದಡಕ್ಕನೆ ಬಿಎಂಎಸ್ ಕಟ್ ಮಾಡುತ್ತದೆ. ಎಎಚ್ ಎಣಿಸುವ ಸಣ್ಣ ಮೀಟರ್ ಒಂದು ಪೆಟ್ಟಿಗೆಗೆ ಕೂರಿಸಿ.

ಸಂತೆಗಾಡಿ
ಕಾರಿನ ಹಳೇ 35 ಏನು ಮಾಡಲಿ? ಇಷ್ಟು ಸಲ ಇಳಿದಿದೆ.

ವೈರಿಂಗ್_ಮಾವ
ನಿಧಾನ ಚಾರ್ಜರ್‌ಗೆ ಒಂದು ರಾತ್ರಿ ಹಾಕಿ. ಮಾರನೇ ದಿನ 12.5ರ ಮೇಲೆ ನಿಂತು, ಸೆಲ್ಫ್ ಹೊಡೆಯುವಾಗ 10ರ ಕೆಳಗೆ ಹೋಗದಿದ್ದರೆ ಇನ್ನೂ ಓಡುತ್ತದೆ. ಇಲ್ಲದಿದ್ದರೆ ಅದೇ ಅಳತೆಯ ಹೊಸದು ಹಾಕಿಸಿ. ಹಳೆಯದನ್ನು ಗುಜರಿಗೆ ಕೊಡಬೇಡಿ, ಹೊಸದು ಕೊಳ್ಳುವ ಕಡೆಯೇ ಎಕ್ಸ್‌ಚೇಂಜ್‌ಗೆ ಕೊಡಿ, ಸೀಸಕ್ಕೆ ಬೆಲೆ ಇದೆ.

ಸಂತೆಗಾಡಿ
ಕೊನೇ ಪ್ರಶ್ನೆ. ಪೆಟ್ಟಿಗೆ ಎಲ್ಲಿಡಲಿ? ಡಿಕ್ಕಿ ತೆಗೆದೇ ಇರುತ್ತದೆ, ಮಳೆ ಬಂದರೆ ನೇರ ಒಳಗೆ.

ವೈರಿಂಗ್_ಮಾವ
ಮುಂದಿನ ಪ್ಯಾಸೆಂಜರ್ ಸೀಟಿನ ಹಿಂದೆ, ಕಾಲಿಡುವ ಜಾಗದಲ್ಲಿ. ಬ್ರೇಕ್ ಹೊಡೆದರೆ ಮುಂದಕ್ಕೆ ಹಾರದ ಹಾಗೆ ಬೆಲ್ಟ್ ಹಾಕಿ ಬಿಗಿಯಿರಿ. ಮೇಲೆ ಬಟ್ಟೆ ಮೂಟೆ ಹೇರಬೇಡಿ. ವೈರು ಡಿಕ್ಕಿ ಬಾಗಿಲಿನ ಸಂದಿಯಲ್ಲಿ ಸಿಕ್ಕಿ ನಜ್ಜುಗುಜ್ಜಾಗದ ಕಡೆ ಎಳೆಯಿರಿ. ಜೋಡಿಸಿದ ಮೇಲೆ ಫೋಟೋ ಹಾಕಿ, ಫ್ಯೂಸ್ ಕಾಣುವ ಹಾಗೆ.